ಬಡ್ಡಿಗೆ ಬಂದ ಗೋಡೆ

ದಾನಪ್ಪ ಓಡಿಬಂದು ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಕೂತಾಗ ನಾನಿನ್ನೂ ಬೀಗ ತೆಗೆದಿರಲಿಲ್ಲ. ಅವನ ಎರಡೂ ಕೈಗೆ ಹುಣಸೆಹಣ್ಣಿನ ರಾಡಿ ಮೆತ್ತಿತ್ತು. ಹಂಡೆ ತಿಕ್ಕುವುದನ್ನು ಅರ್ಧಕ್ಕೇ ಬಿಟ್ಟು ಬಂದಿದ್ದ.

"ಅಕ್ಕಾರ, ಖೋಲಿ ಬಂದೈತ್ರಿ," ಎಂದ.

"ಎಷ್ಟ ದೊಡ್ಡದ ಐತಿ?"

"ನಡುವ ನಿಂತು ಕೈ ಚಾಚಿದ್ರ ಗ್ವಾಡಿ ಸಿಗೂದಿಲ್ರಿ."

ನಾನು ಬೀಗದ ಕೈಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ. ಅಂಥ ಕೋಣೆ ಈ ಊರಿಗೆ ಬಂದು ಯಾವ ಕಾಲವಾಯಿತೋ.

ನಾನು ಇಲ್ಲಿನ ರಿಸೀವರು. ದಿವಾಳಿಯಾದವರ ಆಸ್ತಿಯನ್ನು ಸುಪರ್ದಿಗೆ ತೆಗೆದುಕೊಂಡು, ಬಾಗಿಲಿಗೆ ಅರಗಿನ ಮುದ್ರೆ ಒತ್ತಿ, ಹರಾಜು ಹಾಕಿ, ಸಾಲ ಕೊಟ್ಟವರಿಗೆ ಹಂಚುವುದು ನನ್ನ ಕೆಲಸ. ಹೀಗಾಗಿ ಊರಿನ ಎಲ್ಲ ಮನೆಗಳ ಹೊಸ್ತಿಲೂ ನನಗೆ ಗೊತ್ತು, ಒಳಗಿನದು ಗೊತ್ತಾಗುವುದು ಮನೆ ಮುಳುಗಿದ ಮೇಲೆ. ನನ್ನನ್ನು ಕಂಡರೆ ಜನ ಬಾಗಿಲಿಗೆ ಅಡ್ಡ ನಿಂತು ಮಾತಾಡಿಸುತ್ತಾರೆ. ಬನ್ನಿ ಅನ್ನುವುದಿಲ್ಲ, ಕೂತುಕೊಳ್ಳಿ ಅನ್ನುವುದಿಲ್ಲ. ಸಂಕ್ರಾಂತಿಯ ಎಳ್ಳನ್ನು ಕೂಡ ರಸ್ತೆಗೇ ತಂದು ನನ್ನ ಕೈಗೆ ಸುರಿದು ಹೋಗುತ್ತಾರೆ. ನನಗೇನೂ ಬೇಜಾರಿಲ್ಲ ಎಂದು ಹೇಳಿಕೊಂಡು ಬಂದಿದ್ದೇನೆ.

ನಮ್ಮೂರಲ್ಲಿ ಆದಾಯ ತೆರಿಗೆಯನ್ನು ಮನೆಯಿಂದಲೇ ಮುರಿದುಕೊಳ್ಳುತ್ತಾರೆ. ಗಳಿಕೆ ಜಾಸ್ತಿಯಾದ ವರ್ಷ ಗೋಡೆ ಜಾಸ್ತಿ ಒಳಗೆ ಬರುತ್ತದೆ. ಹಾಗಾಗಿ ಇಲ್ಲಿ ಕಪಾಟುಗಳಿಗೆಲ್ಲ ಗಾಲಿ ಇರುತ್ತದೆ, ಮಂಚಗಳೆಲ್ಲ ಮಡಚುತ್ತವೆ. ಹೆಣ್ಣು ಕೊಡುವವರು ವರನ ಮನೆಗೆ ಬಂದು, ಕಾಲು ಚಾಚಲು ಜಾಗವಿಲ್ಲದ್ದನ್ನು ಕಂಡರೆ ಮುಖ ಅರಳಿಸುತ್ತಾರೆ. ನನ್ನ ಪಕ್ಕದ ಮನೆಯ ವಕೀಲರು ನಿಂತೇ ಊಟ ಮಾಡುತ್ತಾರೆ, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಹೆಚ್ಚಿಗೆ ಮುರಿದುಕೊಂಡದ್ದು ಯುಗಾದಿಯ ಹೊತ್ತಿಗೆ ವಾಪಸು ಬರುತ್ತದೆ, ಅದೂ ಆ ಮನುಷ್ಯ ಎಲ್ಲಿ ಮಲಗುತ್ತಾನೋ ಅಲ್ಲಿಗೇ ಹುಡುಕಿಕೊಂಡು. ಬಹಳ ಮಂದಿಗೆ ಬರುವುದು ಒಂದು ಗೂಡು, ಇಲ್ಲವೆ ಮೊಣಕೈ ಊರುವಷ್ಟು ಕಟ್ಟೆ. ನನಗೆ ಒಂದು ವರ್ಷ ಲೋಟ ಇಡುವಷ್ಟು ಗೂಡು ಬಂತು, ಅದೂ ಸೂರಿನ ಹತ್ತಿರ, ಕೈಗೆ ಎಟುಕದ ಕಡೆ. ಅಲ್ಲಿ ಈಗ ಗುಬ್ಬಚ್ಚಿ ಸಂಸಾರ ಹೂಡಿದೆ.

ದಾನಪ್ಪನದು ಶಾಮಿಯಾನದ ಅಂಗಡಿ. ಹಿಂದಿನ ವರ್ಷ ಚೈತ್ರದಲ್ಲಿ ಮದುವೆ ಮುಹೂರ್ತಗಳು ರಾಶಿ ಇದ್ದವು. ಅವನು ಗುರುಶಾಂತಪ್ಪನ ಅಂಗಡಿಯಿಂದ ಉದ್ರಿ ಮೇಲೆ, ಹಣ ಆಮೇಲೆ ಕೊಡುವ ಮಾತಿನಲ್ಲಿ, ಶಾಮಿಯಾನಕ್ಕೆ ಹೊದಿಸುವ ತಾಡಪತ್ರಿ ತಂದ, ಮಮ್ತಾಜಬಿಯಿಂದ ಉದ್ರಿ ಮೇಲೆ ಕೊಪ್ಪರಿಗೆ, ಹಂಡೆ ತಂದ. ಈ ವರ್ಷ ಭರ್ಜರಿ ಗಳಿಕೆ ಎಂದು ತೆರಿಗೆ ಕಚೇರಿಗೂ ಹೇಳಿಬಿಟ್ಟ. ಅವರು ಮುಂಗಡವಾಗಿಯೇ ಮುರಿದುಕೊಂಡರು. ಪಡಸಾಲೆ ಹೋಯಿತು, ನಡುಮನೆ ಹೋಯಿತು, ಉಳಿದದ್ದು ಅಡುಗೆಮನೆ. ವೈಶಾಖದಲ್ಲಿ ಎದ್ದ ಸುಂಟರಗಾಳಿ ಶಾಮಿಯಾನಗಳನ್ನೆಲ್ಲ ಹೊತ್ತುಕೊಂಡು ಹೋಯಿತು, ತಾಡಪತ್ರಿಯ ಒಂದು ಚೂರು ಬಿಟ್ಟರೆ ಒಂದು ಗೂಟವೂ ಸಿಗಲಿಲ್ಲ. ಅವನು ಮಹಾನವಮಿಯವರೆಗೆ ಹೇಗೋ ಎಳೆದುಕೊಂಡು ಬಂದು, ಕೊನೆಗೆ ನನ್ನ ಮುಂದೆ ದಿವಾಳಿ ಅರ್ಜಿ ಇಟ್ಟ. ಆ ಅಡುಗೆಮನೆಯನ್ನೂ ಹರಾಜು ಕೂಗಿದವಳು ನಾನೇ. ಆಮೇಲೆ ಗಂಡಹೆಂಡಿರು ಮಮ್ತಾಜಬಿಯ ಗೋದಾಮಿನಲ್ಲಿ ಬೋರಲು ಹಾಕಿದ ಕೊಪ್ಪರಿಗೆಗಳ ನಡುವೆ ಮಲಗುತ್ತಿದ್ದರು. ಬಾಡಿಗೆ ಬದಲು ದಾನಪ್ಪ ಪಾತ್ರೆ ತಿಕ್ಕಿಕೊಡುತ್ತಿದ್ದ.

ಬಾರದ ಗಳಿಕೆಯ ಮೇಲೆ ಮುರಿದುಕೊಂಡದ್ದು ವಾಪಸು ಬರಲೇಬೇಕಿತ್ತು. ಯುಗಾದಿಗೆ ಬರಬೇಕಾದದ್ದು ಕಾರಹುಣ್ಣಿಮೆ ಕಳೆದ ಮೇಲೆ ಬಂತು.

ಗೋದಾಮಿನ ಹಿಂಬದಿಯಲ್ಲಿ, ನಿನ್ನೆಯವರೆಗೆ ಬರೀ ಕಲ್ಲುಗೋಡೆ ಇದ್ದಲ್ಲಿ, ಒಂದು ಬಾಗಿಲು ತೆರೆದುಕೊಂಡಿತ್ತು. ಒಳಗೆ ದಾನಪ್ಪನ ಹಳೆಯ ಮನೆ. ಹೋದದ್ದೇ ಬಂದಿತ್ತು, ಹಾಗೇ ಬಂದಿತ್ತು. ದೀಪದ ಗೂಡಿನ ಮೇಲೆ ಅವನ ತಾಯಿ ಕಾಡಿಗೆ ಹಿಡಿಯುತ್ತಿದ್ದ ಕಾಲದ ಮಸಿ, ಮೊರ ತೂಗುಹಾಕುತ್ತಿದ್ದ ಮೊಳೆ, ಅರ್ಧ ಬಳಿದು ಬಿಟ್ಟ ಹಸಿರು ಬಣ್ಣ. ಯಾರೋ ಈಗ ತಾನೇ ಸಾರಿಸಿಹೋದ ಹಾಗೆ ನೆಲ ತಣ್ಣಗಿತ್ತು. ಕೈಮುಗಿಯಬೇಕು ಅನ್ನಿಸಿತು ನನಗೆ. ಕೈಯಲ್ಲಿ ಅಳತೆಯ ದಾರ ಇದ್ದದ್ದರಿಂದ ಮುಗಿಯಲಿಲ್ಲ.

ನಟ್ಟನಡುವೆ ದಾನಪ್ಪನ ಹೆಂಡತಿ ನೀಲವ್ವ ಅಂಗೈಯನ್ನು ನೆಲಕ್ಕೆ ಊರಿ ಕೂತಿದ್ದಳು. ಒಂಬತ್ತು ತಿಂಗಳು ತುಂಬಿದ ಬಸುರಿ. ನನ್ನನ್ನು ನೋಡಿದ್ದೇ ಗಂಡನ ಮೇಲೆ ಹರಿಹಾಯ್ದಳು.

"ಹೋಗಿ ಕರ್ಕೊಂಡ ಬಂದಿಯಲ್ಲ! ಕೂಸು ಹುಟ್ಟೂ ಮಟ ಬಾಯಿ ಮುಚ್ಕೊಂಡ ಇರು ಅಂತ ಬಡಕೊಂಡೆ. ಎರಡ ಕೊಪ್ಪರಿಗಿ ಅಡ್ಡ ಇಟ್ಟಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹುಟ್ಟಿದ ಕೂಸಿಗೆ ಅಳಬ್ಯಾಡ, ಯಾರರ ಕೇಳ್ತಾರ ಅಂತ ಹೇಳಾಕ ಆಕ್ಕೈತೇನ?" ಎಂದ ದಾನಪ್ಪ, ತಲೆ ಎತ್ತದೆ.

ಅವಳ ಸಿಟ್ಟಿಗೆ ಕಾರಣವಿತ್ತು. ಗೋದಾಮಿಗೆ ಹಗಲೆಲ್ಲ ಗಾಡಿಗಳು ಬರುತ್ತವೆ, ಹಮಾಲರು ಹಂಡೆ ಉರುಳಿಸುತ್ತಾರೆ, ಮುಂದಿನ ಬಾಯಿಗೆ ಕದವಿಲ್ಲ. ಸೂಲಗಿತ್ತಿ ಸಂಗವ್ವ ಬಂದು ನೋಡಿ, ಮುಚ್ಚುವ ಬಾಗಿಲು ಇದ್ದರೆ ಮಾತ್ರ ನನ್ನನ್ನು ಕರೆಯಿರಿ ಎಂದು ಹೇಳಿಹೋಗಿದ್ದಳು. ಈಗ ಬಾಗಿಲೇನೋ ಬಂದಿತ್ತು. ಆದರೆ ಕಾನೂನಿನ ಪ್ರಕಾರ ಅದು ಅವರದಲ್ಲ.

ಸಾಲ ಕೊಟ್ಟವರಿಬ್ಬರೂ ಬಂದರು. ಮಮ್ತಾಜಬಿ ದೊಡ್ಡ ಗಂಟಲಿನ ಹೆಂಗಸು. ತನ್ನ ಹಿತ್ತಲಿಗೆ ಹೊರಚಾಚಿದ ಕೋಣೆ ಬಟ್ಟೆ ಒಣಹಾಕುವ ತಂತಿಯನ್ನು ಕಡಿದುಹಾಕಿದ್ದಕ್ಕೆ ಮೊದಲು ಬೈದಳು, ಆಮೇಲೆ ಒಳಗೆ ಕಾಲಿಟ್ಟು ಹಸಿರು ಬಣ್ಣದ ಗೋಡೆಯನ್ನು ಸವರಿ ನೋಡಿದಳು. ಗುರುಶಾಂತಪ್ಪ ಇಸ್ತ್ರಿ ಮಾಡಿದ ಬಿಳಿ ಧೋತರ ಉಡುವ ವ್ಯಾಪಾರಿ, ಧೋತರಕ್ಕೆ ಧೂಳು ತಾಗದಂತೆ ಒಂದು ಕೈಯಲ್ಲಿ ಎತ್ತಿ ಹಿಡಿದೇ ನಿಂತಿದ್ದ. ಅವನ ಮನೆ ಎಷ್ಟು ಒಳಸರಿದಿತ್ತೆಂದರೆ ಅವನು ತಾಡಪತ್ರಿಯ ಸುರುಳಿಗಳ ಮೇಲೆಯೇ ಮಲಗುತ್ತಿದ್ದ. ಅವನಿಗೂ ಜಾಗ ಬೇಕಿತ್ತು, ಸುಳ್ಳಲ್ಲ. ಇವರ ಹಿಂದೆಯೇ ತೆರಿಗೆ ಕಚೇರಿಯ ಗುಮಾಸ್ತ ವೆಂಕೋಬರಾಯರು ಕೋಣೆ ಮುಟ್ಟಿದ್ದಕ್ಕೆ ರಸೀದಿ ಹಿಡಿದು ಬಂದರು. ದಿವಾಳಿಯಾದವನ ಪರವಾಗಿ ಅದಕ್ಕೆ ರಿಸೀವರೇ ಸಹಿ ಹಾಕಬೇಕು.

ವಾಪಸು ಬಂದದ್ದರ ಪಾಲು ಹೀಗೆ: ಅರ್ಜಿ ಕೊಡುವ ಮೊದಲಿನ ತಿಂಗಳುಗಳದ್ದು ಸಾಲ ಕೊಟ್ಟವರಿಗೆ, ನಂತರದ ತಿಂಗಳುಗಳದ್ದು ದಿವಾಳಿಯಾದವನಿಗೇ. ದಾನಪ್ಪ ಅರ್ಜಿ ಕೊಟ್ಟದ್ದು ವರ್ಷದ ನಡುಮಧ್ಯೆ, ಹಾಗಾಗಿ ಅರ್ಧ ಅವರಿಗೆ, ಅರ್ಧ ಇವನಿಗೆ. ಕೋಣೆಯನ್ನು ನಮ್ಮಲ್ಲಿ ಬಾಗಿಲಿನಿಂದ ಒಳಕ್ಕೆ ಲೆಕ್ಕ ಹಿಡಿಯುತ್ತಾರೆ, ಬಾಗಿಲ ಕಡೆ ಚೈತ್ರ, ಒಳಗೋಡೆಯ ಕಡೆ ಫಾಲ್ಗುಣ. ನಾನು ಬಾಗಿಲ ಪಕ್ಕದ ಮೊಳೆಗೊಂದು, ಎದುರು ಗೋಡೆಗೊಂದು ತುದಿ ಕಟ್ಟಿ ದಾರ ಎಳೆದೆ, ನಡು ಗುರುತು ಹಾಕಿ ನೆಲದ ಮೇಲೆ ಸುಣ್ಣದ ಗೆರೆ ಬಡಿದೆ. ಗೆರೆ ನೀಲವ್ವನ ಸೆರಗಿನ ಮೇಲೆ ಹಾಯಿತು. ಅವಳು ಸೆರಗನ್ನು ಒಳಗೆ ಎಳೆದುಕೊಂಡಳು.

"ಬಾಗಲಾ ಅವರ ಕಡೆ ಹೋತಲ್ರಿ," ಎಂದಳು. "ಅವರ ಅರ್ಧಕ್ಕ ನೀವು ಮುದ್ರಿ ಒತ್ತಿದ್ರ ನಮ್ಮ ಅರ್ಧಕ್ಕ ನಾವು ಹಾರಿ ಹೋಗಬೇಕೇನು?"

"ನನ್ನ ಪಾಲಿನಾಗ ದಾರಿ ಬಿಡ್ತೀನಿ, ಹೋಗವಾ," ಎಂದಳು ಮಮ್ತಾಜಬಿ.

"ನಿನ್ನ ಪಾಲು ಯಾವುದು, ನಂದು ಯಾವುದು?" ಎಂದ ಗುರುಶಾಂತಪ್ಪ. "ಹರಾಜ ಆಗೂ ಮಟ ಇಬ್ಬರದೂ ಕೂಡೇ ಐತಿ. ಅಕ್ಕಾರ, ಸಹಿ ಹಾಕ್ರಿ, ಬಾಗಲಾ ಮುಚ್ರಿ. ನೀವು ಕಾಯ್ದೆ ಬಿಟ್ಟು ನಡ್ಯಾವರಲ್ಲ."

ಅವನು ಹೇಳಿದ್ದು ಸರಿಯಿತ್ತು. ಒಳಗೋಡೆಯನ್ನು ಒಡೆದು ಹಿತ್ತಲಿಗೆ ಬಾಗಿಲು ಬಿಡೋಣವೆಂದರೆ ಹಿತ್ತಲು ಮಮ್ತಾಜಬಿಯದು. ಸಾಲ ಕೊಟ್ಟವರ ನೆಲಕ್ಕೆ ತೆರೆದ ಬಾಗಿಲು ಅವರ ಪಾಲಿಗೇ ಸೇರುತ್ತದೆ, ಅದಕ್ಕೂ ನಾನು ಮುದ್ರೆ ಒತ್ತಬೇಕಾಗುತ್ತದೆ. ಹಿತ್ತಲಿನ ಆಚೆ ಗಾಣಿಗರ ಓಣಿ. ಅದು ಯಾರದೂ ಅಲ್ಲ, ಊರಿನದು, ಅಲ್ಲಿಗೆ ತೆರೆದ ಬಾಗಿಲಿಗೆ ನನ್ನ ಮುದ್ರೆ ಬೀಳುವುದಿಲ್ಲ. ಗೋಡೆಗೂ ಓಣಿಗೂ ನಡುವೆ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗವಿತ್ತು.

ವೆಂಕೋಬರಾಯರು ಲೇಖನಿ ಅದ್ದಿ ನನ್ನ ಕೈಗೆ ಕೊಟ್ಟರು. ನಾನು ರಸೀದಿಯ ಮೇಲೆ ಬಗ್ಗಿದೆ. ಆಗ ಫಟ್ ಎಂದಿತು. ಎಲ್ಲರೂ ತಿರುಗಿ ನೋಡಿದೆವು. ನಾನು ಎಳೆದು ಕಟ್ಟಿದ್ದ ದಾರ ಹರಿದು ಎರಡೂ ಕಡೆ ಜೋತಾಡುತ್ತಿತ್ತು.

ಹೋಗಿ ತುದಿಗಳನ್ನು ಜೋಡಿಸಿ ನೋಡಿದೆ. ಸೇರಲಿಲ್ಲ. ಒಳಗೋಡೆ ಹಿಂದೆ ಸರಿದಿತ್ತು, ಹಳೆಯ ನೆಲಕ್ಕೂ ಗೋಡೆಗೂ ನಡುವೆ ನೆಲದ ಒಂದು ಹೊಸ ಪಟ್ಟಿ ಎದ್ದಿತ್ತು. ಅಲ್ಲಿ ಮಸಿಯಿಲ್ಲ, ಮೊಳೆಯಿಲ್ಲ, ಯಾರೂ ನಡೆದ ಗುರುತಿಲ್ಲ. ಬೆರಳಿಟ್ಟರೆ ಹಸಿ.

ಆಗ ನನಗೆ ಹೊಳೆಯಿತು. ತಡವಾಗಿ ಬಂದ ಕೋಣೆ ಬಡ್ಡಿ ತರುತ್ತದೆ, ಸಹಿ ಬೀಳುವವರೆಗೂ ತರುತ್ತಲೇ ಇರುತ್ತದೆ ಎಂದು ನಾನೂ ಓದಿದ್ದೆ. ಆದರೆ ನಾವೆಲ್ಲ ಬಂದ ಗಳಿಗೆಯಲ್ಲೇ ಸಹಿ ಹಾಕಿ ಕಪಾಟು ಉರುಳಿಸುವ ಜನ. ಬಡ್ಡಿ ಎಂಬುದನ್ನು ಕಣ್ಣಾರೆ ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲ. ಸಾಲ ಕೊಟ್ಟವರ ಪಾಲು ಸುಣ್ಣದ ಗೆರೆಗೆ ನಿಂತಿತು. ತಡವಾದದ್ದು ಅರ್ಜಿಯ ನಂತರ, ಹೀಗಾಗಿ ಬೆಳೆದದ್ದೆಲ್ಲ ದಾನಪ್ಪನದು. ಬೆಳೆಯುತ್ತಿದ್ದದ್ದು ಓಣಿಯ ಕಡೆಗೆ.

ಲೇಖನಿಯನ್ನು ವೆಂಕೋಬರಾಯರಿಗೆ ವಾಪಸು ಕೊಟ್ಟೆ. "ಅಳತಿ ಸರಿಯಿಲ್ಲ. ನಾಳೆ ಮತ್ತ ನೋಡೂಣು."

"ಸಹಿ ಹಾಕದ ಅಳತಿ ನಿಲ್ಲೂದಿಲ್ಲ ಅಕ್ಕಾರ."

"ಅಳತಿ ನಿಲ್ಲದ ನಾನು ಸಹಿ ಹಾಕೂದಿಲ್ಲ ರಾಯರ."

ಇಷ್ಟು ವರ್ಷದ ನೌಕರಿಯಲ್ಲಿ ನಾನು ಒಂದು ಸಹಿಯನ್ನೂ ನಾಳೆಗೆ ಹಾಕಿದವಳಲ್ಲ. ರಾಯರು ಹೋಗುವಾಗ, ಮಣ್ಣೆತ್ತಿನ ಅಮಾವಾಸ್ಯೆಯ ಸೂರ್ಯ ಮುಳುಗುವುದರೊಳಗೆ ಸಹಿ ಬೀಳದಿದ್ದರೆ ಕೋಣೆ ಬಂದ ದಾರಿಯಲ್ಲೇ ಹೋಗುತ್ತದೆ, ಆಮೇಲೆ ಯಾರಿಗೂ ಇಲ್ಲ ಎಂದು ಎಚ್ಚರಿಸಿದರು. ಅದೂ ನಿಯಮವೇ. ಅಷ್ಟರೊಳಗೆ ಕೂಸು ಹುಟ್ಟಬೇಕು, ಇಲ್ಲವೆ ಗೋಡೆ ಓಣಿ ಮುಟ್ಟಬೇಕು.

ಅಂದಿನಿಂದ ದಿನವೂ ನಾನು ದಾರ ಹಿಡಿದು ಹೋಗಿ ಅಳೆದೆ, ದಿನವೂ ಅಳತೆ ತಪ್ಪಿತು. ಗುರುಶಾಂತಪ್ಪ ದಿನವೂ ಬಂದು ಧೋತರ ಎತ್ತಿ ಹಿಡಿದು, "ಇವತ್ತರ?" ಎಂದು ಕೇಳುತ್ತಿದ್ದ. ನಾನು ತಲೆ ಅಲ್ಲಾಡಿಸುತ್ತಿದ್ದೆ. ಸುದ್ದಿ ಊರೆಲ್ಲ ಹಬ್ಬಿತು. ಜನ ಊಟ ಮುಗಿಸಿ ಚಾಪೆ ತಂದು ಹಿತ್ತಲಲ್ಲಿ ಕೂತರು. ಗೋಡೆ ಸರಿಯುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ಗೋಡೆಯ ಮುಂದೆ ನೆಲದಲ್ಲಿ ಬಿದ್ದ ಒಂದು ಕಲ್ಲನ್ನು ದಿಟ್ಟಿಸುತ್ತ ಕೂತರೆ, ಎಲೆಅಡಿಕೆ ಹಾಕಿಕೊಂಡು ಮತ್ತೆ ನೋಡುವಷ್ಟರಲ್ಲಿ ಆ ಕಲ್ಲು ಗೋಡೆಯ ಒಳಗೆ ಹೋಗಿರುತ್ತಿತ್ತು. ಹುಟ್ಟಿದಾಗಿನಿಂದ ನಾವು ಕಂಡದ್ದು ಒಳಗೆ ಬರುವ ಗೋಡೆಯನ್ನು. ಹೊರಗೆ ಹೋಗುವ ಗೋಡೆಯ ಮುಂದೆ ಜನ ಗಟ್ಟಿಯಾಗಿ ಮಾತಾಡಲೂ ಹಿಂಜರಿದರು. ಮಮ್ತಾಜಬಿಯಂಥವಳು ಪಿಸುಗುಟ್ಟಿದಳು. ಒಂದು ಮಧ್ಯಾಹ್ನ ಗುರುಶಾಂತಪ್ಪ ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತ. ಕೈ ತೆಗೆದು, ಅಂಗೈಗೆ ಹತ್ತಿದ ಹಸಿಮಣ್ಣನ್ನು ನೋಡಿಕೊಂಡ. ಆ ದಿನ ಸಹಿಯ ಮಾತೆತ್ತದೆ ಹೋದ.

ಓಣಿಯವರು ಅಡ್ಡ ಬರಬಹುದಾದ್ದನ್ನೆಲ್ಲ ತಾವಾಗಿಯೇ ತೆಗೆದರು. ಒಬ್ಬರು ಒಗೆಯುವ ಕಲ್ಲು ಸರಿಸಿದರು, ಇನ್ನೊಬ್ಬರು ಕೈಗಾಡಿ. ಯಾರಾದರೂ ದೊಡ್ಡವರು ಬಂದರೆ ಎದ್ದು ಜಾಗ ಬಿಡುತ್ತಾರಲ್ಲ, ಹಾಗೆ.

ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ನೀಲವ್ವನಿಗೆ ನೋವು ಶುರುವಾಯಿತು. ಸಂಗವ್ವ ಬಂದಳು, ಬಾಗಿಲು ನೋಡಿದಳು, ನನ್ನನ್ನೂ ನೋಡಿದಳು, ಒಳಗೆ ಹೋದಳು. ನೀಲವ್ವ ಹಳೆಯ ಕೋಣೆ ದಾಟಿ, ಸುಣ್ಣದ ಗೆರೆ ದಾಟಿ, ಹೊಸ ನೆಲದ ತುದಿಗೆ ಹೋಗಿ ಗೋಡೆ ಹಿಡಿದು ನಿಂತಳು. ನಡುವೆ ದಾನಪ್ಪ ಒಂದು ತಾಡಪತ್ರಿಯ ಚೂರು ಕಟ್ಟಿ ಮರೆ ಮಾಡಿದ. ಸುಂಟರಗಾಳಿ ಬಿಟ್ಟುಹೋದ ಚೂರು ಅದು. ಹಿತ್ತಲಲ್ಲಿ ಗೋಡೆಗೂ ಓಣಿಗೂ ನಡುವೆ ಇನ್ನು ಒಂದು ಮೊಳ ಉಳಿದಿತ್ತು.

ಮಧ್ಯಾಹ್ನವಾಯಿತು. ಕೂಸು ಬರಲಿಲ್ಲ. ಹೊತ್ತು ಇಳಿಯಿತು. ಓಣಿಯಲ್ಲಿ ಮನೆಮನೆಗೂ ಮಣ್ಣಿನ ಎತ್ತುಗಳನ್ನು ಪೂಜೆಗೆ ಇಟ್ಟಿದ್ದರು, ಆರತಿ ಮಾತ್ರ ಯಾರೂ ಎತ್ತಲಿಲ್ಲ. ಎಲ್ಲರೂ ಗೋಡೆಯ ಬುಡಕ್ಕೆ ಬಂದು ಕೂತಿದ್ದರು. ನಾನು ಗೋದಾಮಿನ ಒಳಗೆ ಬಾಗಿಲ ಬಳಿ ಒಂದು ಹಂಡೆ ಬೋರಲು ಹಾಕಿಕೊಂಡು ಕೂತಿದ್ದೆ, ತೊಡೆಯ ಮೇಲೆ ರಸೀದಿ, ಕಾಲ ಬಳಿ ಅರಗು ಮತ್ತು ಮುದ್ರೆ. ವೆಂಕೋಬರಾಯರು ಗೋದಾಮಿನ ಮುಂದಿನ ಬಾಯಲ್ಲಿ ಬಾನನ್ನೇ ನೋಡುತ್ತ ನಿಂತಿದ್ದರು. ಒಳಗಿನಿಂದ ನೀಲವ್ವ ನರಳಿದಾಗಲೆಲ್ಲ ದಾನಪ್ಪ ನನ್ನ ಮುಖ ನೋಡುತ್ತಿದ್ದ. ಈಗ ಸಹಿ ಹಾಕಿದರೆ ಗೋಡೆ ನಿಲ್ಲುತ್ತದೆ, ನಾನು ಮುದ್ರೆ ಒತ್ತಬೇಕು, ಹೆರಿಗೆಯ ಹೆಂಗಸು ಒಳಗೇ ಉಳಿಯುತ್ತಾಳೆ. ಹಾಕದಿದ್ದರೆ ಕೋಣೆಯೇ ಹೋಗುತ್ತದೆ, ಅವಳು ಯಾವ ಗೋಡೆ ಹಿಡಿದು ನಿಂತಿದ್ದಾಳೋ ಆ ಗೋಡೆಯೂ.

"ಎಷ್ಟೈತಿ?" ಎಂದು ದಾನಪ್ಪ ಕೂಗಿದ.

"ಗೇಣು!" ಎಂದು ಹಿತ್ತಲಿನಿಂದ ಉತ್ತರ ಬಂತು. ಅದು ಗುರುಶಾಂತಪ್ಪನ ದನಿ.

ಸೂರ್ಯ ಗೋದಾಮಿನ ಎದುರು ಮನೆಯ ಹೆಂಚಿಗೆ ಇಳಿದ.

"ನಾಕ ಬೆರಳು!"

"ಅಕ್ಕಾರ, ಮುಳುಗಾಕ ಹತ್ತೈತ್ರಿ," ಎಂದರು ವೆಂಕೋಬರಾಯರು. "ಇನ್ನ ತಡಿಯಾಕ ಆಗೂದಿಲ್ಲ."

ನಾನು ಲೇಖನಿಯನ್ನು ಕಾಗದಕ್ಕೆ ಇಟ್ಟೆ. ನನ್ನ ಹೆಸರಿನ ಮೊದಲ ಅಕ್ಷರ ಬರೆದೆ. ಇಷ್ಟು ನಿಧಾನವಾಗಿ ನಾನು ನನ್ನ ಹೆಸರನ್ನು ಯಾವತ್ತೂ ಬರೆದವಳಲ್ಲ, ಒಂದೊಂದು ಒತ್ತಕ್ಷರವನ್ನೂ ಶಾಲೆಯ ಮಕ್ಕಳ ಹಾಗೆ ತಿದ್ದಿದೆ. ಕೊನೆಯ ಅಕ್ಷರದ ಬಳಿ ಲೇಖನಿ ಎತ್ತದೆ ಕಾದೆ.

"ಮುಟ್ಟಿತು!" ಓಣಿಯ ತುಂಬ ಕೂಗು ಎದ್ದಿತು. "ಮುಟ್ಟಿತ್ರೀ ಅಕ್ಕಾರ, ಮುಟ್ಟಿತು!"

ಕೊನೆಯ ಅಕ್ಷರ ಮುಗಿಸಿದೆ. ಹೆಂಚಿನ ಮೇಲಿನ ಬೆಳಕು ಹೋಯಿತು. ಕೋಣೆಯಲ್ಲಿ ಏನೋ ಉಸಿರು ಬಿಟ್ಟು ನಿಂತಂತೆ ಆಯಿತು, ನಿಂತದ್ದು ನನ್ನ ಕಾಲಿಗೆ ತಿಳಿಯಿತು. ಆಮೇಲೆ ನಾನು ನನ್ನ ಕೆಲಸ ಮಾಡಿದೆ. ಬಾಗಿಲು ಮುಚ್ಚಿ, ಅರಗು ಕಾಯಿಸಿ, ಮುದ್ರೆ ಒತ್ತಿದೆ. ಒಳಗೆ ನೀಲವ್ವ ಜೋರಾಗಿ ಕೂಗಿದಳು. ದಾನಪ್ಪ ಗೋದಾಮು ಬಿಟ್ಟು ಓಣಿಗೆ ಓಡಿದ.

ನಾನು ಬಳಸಿಕೊಂಡು ಓಣಿಗೆ ಹೋಗುವ ಹೊತ್ತಿಗೆ ಕೈಗಳು ಕೆಲಸಕ್ಕೆ ಹತ್ತಿದ್ದವು. ಹಾರೆ ಬೇಕಾಗಲಿಲ್ಲ, ಬಡಿಯಬೇಕಾಗಲಿಲ್ಲ. ಬಡ್ಡಿಯ ಗೋಡೆ ಇನ್ನೂ ಹಸಿಯಾಗಿತ್ತು, ಎತ್ತು ಮಾಡುವ ಮಣ್ಣಿನಂತೆ ಮುಷ್ಟಿ ಮುಷ್ಟಿಯಾಗಿ ಬರುತ್ತಿತ್ತು. ಎಲ್ಲರಿಗಿಂತ ಮುಂದೆ ಗುರುಶಾಂತಪ್ಪ ಮೊಣಕಾಲೂರಿ ಬಗೆಯುತ್ತಿದ್ದ, ಧೋತರ ಎಲ್ಲಿದೆ ಎಂಬ ಪರಿವೆಯೂ ಅವನಿಗಿರಲಿಲ್ಲ.

"ಸೊಟ್ಟ ಹೊಂಟೈತಿ," ಎಂದೆ. ಚೀಲದಿಂದ ದಾರ ತೆಗೆದು ಒಂದು ತುದಿಗೆ ಕಚೇರಿಯ ಬೀಗದ ಕೈ ಕಟ್ಟಿ ಇಳಿಬಿಟ್ಟೆ. "ಈ ದಾರದ ಗುಂಟ ತಗೀರಿ."

ಮೊದಲ ತೂತು ಬಿದ್ದಾಗ ಅದರೊಳಗಿಂದ ಬಂದದ್ದು ಅಳು. ಎಲ್ಲರ ಕೈಗಳೂ ಗೋಡೆಯಲ್ಲೇ ನಿಂತವು. ಸಣ್ಣ, ಒರಟು, ಸಿಟ್ಟಿನ ಅಳು. ಯಾರಾದರೂ ಕೇಳಿಯಾರು ಎಂಬ ಹೆದರಿಕೆ ಅದಕ್ಕಿರಲಿಲ್ಲ. ದಾನಪ್ಪ ಮಣ್ಣುಗೈಯಿಂದಲೇ ಮುಖ ಮುಚ್ಚಿಕೊಂಡ. ನನಗೂ ಕಣ್ಣು ತುಂಬಿತು.

ಬಾಗಿಲು ಆಳೆತ್ತರಕ್ಕೆ ಬಂದಮೇಲೆ ಗುರುಶಾಂತಪ್ಪ ಅಂಗಡಿಗೆ ಹೋಗಿ ಒಂದು ದಪ್ಪ ತಾಡಪತ್ರಿ ತಂದು ತಾನೇ ಅಡ್ಡ ಕಟ್ಟಿದ. "ಮುಚ್ಚೂ ಬಾಗಲಾ ಆತು ನೋಡು," ಎಂದ. "ಇದು ಉದ್ರಿ ಅಲ್ಲೋ ದಾನಪ್ಪ. ಲೆಕ್ಕಕ್ಕ ಹಿಡೀಬ್ಯಾಡ."

ಓಣಿಯಲ್ಲಿ ಆರತಿಗಳು ಎದ್ದವು. ಜನ ಒಬ್ಬೊಬ್ಬರಾಗಿ ತಮ್ಮ ಇಕ್ಕಟ್ಟಿನ ಮನೆಗಳಿಗೆ ಹೋದರು. ನಾನು ದಾರ ಸುತ್ತಿಕೊಂಡು, ಬೀಗದ ಕೈ ಬಿಚ್ಚಿ, ಹೊರಡುವುದಕ್ಕೆ ಚೀಲ ಹೆಗಲಿಗೆ ಹಾಕಿದೆ. ಅಷ್ಟರಲ್ಲಿ ತಾಡಪತ್ರಿಯ ಅಂಚು ಎತ್ತಿ ಸಂಗವ್ವ ಇಣುಕಿದಳು, ಅವಳ ಹಿಂದಿನಿಂದ ನೀಲವ್ವನ ದನಿ ಬಂತು. ಸೋತ ದನಿ, ಆದರೆ ಅದೇ ಜೋರು.

"ಅಕ್ಕಾರ ಅದಾರೇನು ಹೊರಗ? ಹಂಗ ಯಾಕ ನಿಂತಾರ? ಒಳಗ ಬರ್ರಿ ಅನ್ನು ಅವರಿಗೆ."

ನಾನು ಆಚೀಚೆ ನೋಡಿದೆ. ಬೇರೆ ಯಾರೂ ಇರಲಿಲ್ಲ. ಚಪ್ಪಲಿಯನ್ನು ಓಣಿಯಲ್ಲೇ ಬಿಟ್ಟು ಬಗ್ಗಿ ಒಳಗೆ ಹೋದೆ. ಸಣ್ಣ ದೀಪ ಉರಿಯುತ್ತಿತ್ತು. ಹೊಸ ಗೋಡೆಗಳು ಬರಿದಾಗಿದ್ದವು. ಒಂದು ಕಡೆ ಮಾತ್ರ, ಎದೆಮಟ್ಟದಲ್ಲಿ, ನೀಲವ್ವ ಬೆಳಗಿನಿಂದ ಹಿಡಿದು ನಿಂತ ಎರಡು ಕೈಗಳು ಬೆರಳುಗಳ ಸಮೇತ ಆಳವಾಗಿ ಅಚ್ಚೊತ್ತಿದ್ದವು. ಮಣ್ಣು ಆಗಲೇ ಗಟ್ಟಿಯಾಗುತ್ತಿತ್ತು.

"ಕುಂದರ್ರಿ," ಎಂದಳು ನೀಲವ್ವ, ಚಾಪೆಯ ಮೇಲೆ ಸ್ವಲ್ಪ ಸರಿದು. ನಾನು ಕೂತೆ.